ಹರೆಯದ ಹೋರಿಯ ವೀರ್ಯ ತೆಗೆಯಲು ಮೂರು ದಾರಿ: ಮಾಡಿ ನೋಡಿದ ಹೋಲಿಕೆ

ಮಾಂಸದ ತಳಿಯ ಹೋರಿಗಳನ್ನು ಹಸುಗಳ ಹಿಂಡಿಗೆ ಬಿಡುವ ಮುನ್ನ ಪರೀಕ್ಷಿಸುವುದು ನನ್ನ ಕೆಲಸ. ವೀರ್ಯ ತೆಗೆಯುವ ಮೂರು ವಿಧಾನಗಳನ್ನೂ ಒಂದೇ ಗುಂಪಿನ ಹರೆಯದ ಹೋರಿಗಳ ಮೇಲೆ, ನಡುವೆ ಬಿಡುವು ಕೊಟ್ಟು, ಮಾಡಿ ನೋಡಿದ್ದೇನೆ.

ಕೃತಕ ಯೋನಿಯಲ್ಲಿ (ಬಿಸಿ ನೀರು ತುಂಬಿದ ಎರಡು ಪದರದ ಕೊಳವೆ) ಸಿಗುವ ವೀರ್ಯ ಕೂಡಿದಾಗ ಬರುವಂಥದ್ದೇ: ಪ್ರಮಾಣ ಕಡಿಮೆ, ಕೆನೆಯಂತೆ ದಪ್ಪ. ಜೊತೆಗೆ ಹೋರಿ ಕೂಡಲು ಮೇಲೆ ಹಾರುವುದನ್ನು ಕಣ್ಣಾರೆ ನೋಡಬಹುದು, ಅದೇ ಇದರ ದೊಡ್ಡ ಲಾಭ. ವೀರ್ಯ ಎಷ್ಟೇ ಚೆನ್ನಾಗಿರಲಿ, ಹಾರಲು ಮನಸ್ಸಿಲ್ಲದ ಹೋರಿಯಿಂದ ಹಸು ಗಬ್ಬವಾಗುವುದಿಲ್ಲ. ಆದರೆ ಬಯಲಿನಲ್ಲಿ ಬೆಳೆದ ಹೋರಿ ಮನುಷ್ಯ ಹತ್ತಿರ ಬಂದರೇ ಬೆದರುತ್ತದೆ. ಪಳಗಿಸಲು ವಾರಗಳು ಬೇಕು. ಒಳಗಿನ ನೀರಿನ ಬಿಸಿ ಸ್ವಲ್ಪ ಇಳಿದರೂ ಹೋರಿ ಮುಖ ತಿರುಗಿಸಿ ಇಳಿದುಬಿಡುತ್ತದೆ.

ಗುದನಾಳದೊಳಗೆ ಕೈ ಹಾಕಿ ವೀರ್ಯಕ್ಕೆ ದ್ರವ ಸೇರಿಸುವ ಗ್ರಂಥಿಗಳನ್ನು ನೀವುವ ವಿಧಾನಕ್ಕೆ ಯಂತ್ರ ಬೇಡ, ಹೋರಿಗೂ ಹಿಂಸೆ ಕಡಿಮೆ. ಕೈ ಪಳಗಿದ್ದರೂ ಹರೆಯದ ಹೋರಿಗಳಲ್ಲಿ ಹಲವು ನನಗೆ ಏನನ್ನೂ ಕೊಡಲಿಲ್ಲ. ಕೊಟ್ಟರೂ ಶಿಶ್ನ ಹೊರಗೆ ಚಾಚುವುದು ಅಪರೂಪ, ಹಾಗಾಗಿ ವೀರ್ಯದೊಂದಿಗೆ ಕೂದಲು, ಕೊಳೆ ಬೆರೆಯುತ್ತದೆ. ಶಿಶ್ನದ ತುದಿಯನ್ನು ಕೆಳಗೆ ಎಳೆದು ಹಿಡಿಯುವ, ಹುಟ್ಟಿನಿಂದ ಹರಿಯದೆ ಉಳಿದ ಪೊರೆ ಹರೆಯದ ಹೋರಿಗಳಲ್ಲಿ ಆಗಾಗ ಕಾಣುವ ದೋಷ. ಈ ವಿಧಾನದಲ್ಲಿ ಅದು ಕಣ್ತಪ್ಪಿ ಹೋಗುತ್ತದೆ.

ಗುದನಾಳದಲ್ಲಿಟ್ಟ ಸಲಕರಣೆಯಿಂದ ಕೊಡುವ ವಿದ್ಯುತ್ ಪ್ರಚೋದನೆ ಬಹುತೇಕ ಎಲ್ಲ ಹೋರಿಗಳಿಂದಲೂ ವೀರ್ಯ ತರಿಸುತ್ತದೆ, ಶಿಶ್ನವೂ ಹೊರಗೆ ಬರುತ್ತದೆ. ಒಂದು ದಿನದಲ್ಲಿ ಇಡೀ ಗುಂಪನ್ನು ಮುಗಿಸಬೇಕಿದ್ದರೆ ನಾನು ಇದನ್ನೇ ಆರಿಸುತ್ತೇನೆ. ಆದರೆ ಹೋರಿ ಬೆನ್ನು ಬಿಗಿದು ಹಿಂಗಾಲು ಚಾಚುವುದನ್ನು ನೋಡುವುದು ಹಿತವಲ್ಲ. ಪ್ರಚೋದನೆಯನ್ನು ನಿಧಾನವಾಗಿ ಏರಿಸಿ, ನಡುನಡುವೆ ಬಿಡುವು ಕೊಡಲೇಬೇಕು. ಗ್ರಂಥಿಗಳ ದ್ರವ ಹೆಚ್ಚು ಸುರಿಯುವುದರಿಂದ ವೀರ್ಯ ತೆಳುವಾಗುತ್ತದೆ. ಅದನ್ನು ಕಂಡು ‘ಬೀಜ ಕಡಿಮೆ’ ಎಂದು ತೀರ್ಪು ಕೊಡುವುದು ಅನ್ಯಾಯ. ಶಿಶ್ನ ತಿರುಚಿಕೊಂಡಂತೆ ಕಂಡರೂ ಅದು ಪ್ರಚೋದನೆಯ ಪರಿಣಾಮ ಇರಬಹುದು, ಹಸುವನ್ನು ಹಾರುವಾಗಲೇ ಅದನ್ನು ಖಚಿತಪಡಿಸಿಕೊಳ್ಳಬೇಕು.

ಹೇಗೆ ತೆಗೆದರೂ ಮುಂದಿನ ಹಾದಿ ಸೂಕ್ಷ್ಮದರ್ಶಕಕ್ಕೆ. ಅಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಚಳಿಯ ಬೆಳಗ್ಗೆ ಸ್ಲೈಡ್ ಬಿಸಿ ಮಾಡದೆ ಹನಿ ಹಾಕಿದೆ, ವೀರ್ಯಾಣುಗಳು ಬಾಲ ಮಡಚಿ ನಿಂತುಬಿಟ್ಟವು. 37 ಡಿಗ್ರಿಗೆ ಕಾಯಿಸಿದ ಸ್ಲೈಡಿನ ಮೇಲೆ ಅದೇ ಹೋರಿಯ ಎರಡನೆಯ ವೀರ್ಯ ಮೋಡದಂತೆ ಸುಳಿ ಸುತ್ತಿತು. ಮೊದಲ ಸ್ಲೈಡನ್ನು ನಂಬಿದ್ದರೆ ಒಳ್ಳೆಯ ಹೋರಿ ಕಸಾಯಿಖಾನೆಗೆ ಹೋಗುತ್ತಿತ್ತು.

ಚಲನೆಯನ್ನು ಅಳೆಯಲು ಕಂಪ್ಯೂಟರನ್ನೂ ಬಳಸಿದ್ದೇನೆ. ಕಣ್ಣಿಗಿಂತ ಅದು ಸ್ಥಿರ, ಆದರೆ ಕೊಳೆಯ ಕಣವನ್ನೂ ಸತ್ತ ವೀರ್ಯಾಣುವೆಂದು ಎಣಿಸಬಲ್ಲದು. ಹರೆಯದ ಹೋರಿಯ ವಿಷಯದಲ್ಲಿ ನನಗೆ ಇವೆರಡಕ್ಕಿಂತಲೂ ಹೆಚ್ಚು ತಿಳಿಸಿಕೊಟ್ಟದ್ದು ಇಯೋಸಿನ್-ನೈಗ್ರೋಸಿನ್ ಬಣ್ಣ. ಕಪ್ಪು ಹಿನ್ನೆಲೆಯಲ್ಲಿ ಬದುಕಿದ್ದವು ಬಿಳಿಯಾಗಿ, ಸತ್ತವು ನಸುಗೆಂಪಾಗಿ ಕಾಣುತ್ತವೆ. ನೂರು ವೀರ್ಯಾಣುಗಳನ್ನು ಒಂದೊಂದಾಗಿ ನೋಡಬೇಕು. ಪ್ರಾಣಿಗಳ ಸಂತಾನೋತ್ಪತ್ತಿ ವೈದ್ಯರ ಅಮೆರಿಕದ ಸಂಘವಾದ ಸೊಸೈಟಿ ಫಾರ್ ಥೀರಿಯೋಜೆನಾಲಜಿಯ ಮಾನದಂಡದಲ್ಲಿ ಮುಂದಕ್ಕೆ ಸಾಗುವ ಚಲನೆ ಕನಿಷ್ಠ ಶೇ 30 ಇದ್ದರೆ ಸಾಕು, ಆದರೆ ರೂಪ ಸರಿಯಿರುವವು ಕನಿಷ್ಠ ಶೇ 70 ಇರಲೇಬೇಕು. 15 ತಿಂಗಳೊಳಗಿನ ಹೋರಿಯ ವೃಷಣಚೀಲದ ಸುತ್ತಳತೆ 30 ಸೆಂ.ಮೀ. ಮುಟ್ಟಬೇಕು. ಟೇಪು ಹಿಡಿದು ಅಳೆಯುವ ಈ ಕೆಲಸವನ್ನು ಯಾವ ಯಂತ್ರಕ್ಕಾಗಿಯೂ ನಾನು ಬಿಡುವುದಿಲ್ಲ.

ಹದಿಮೂರು ತಿಂಗಳ ಒಂದು ಹೋರಿ ಟೇಪಿನಲ್ಲಿ ಗೆದ್ದಿತು, ಚಲನೆಯಲ್ಲೂ ಗೆದ್ದಿತು. ಬಣ್ಣ ಹಾಕಿದರೆ ಅರ್ಧದಷ್ಟು ವೀರ್ಯಾಣುಗಳ ಕತ್ತಿನಲ್ಲಿ ಮಣಿಯಂಥ ಹನಿ ಅಂಟಿಕೊಂಡಿತ್ತು. ಪ್ರಾಯಕ್ಕೆ ಬರುತ್ತಿರುವ ಹೋರಿಗಳಲ್ಲಿ ಇದು ಸಾಮಾನ್ಯ, ಅಪಕ್ವತೆಯ ಗುರುತು. ಒಡೆಯರು ಆಗಲೇ ಮಾರಲು ಹೊರಟಿದ್ದರು. ಒಂದು ವೀರ್ಯಾಣು ತಯಾರಾಗಲು ಸುಮಾರು 61 ದಿನ, ಎಪಿಡಿಡಿಮಿಸ್ (ವೃಷಣಕ್ಕೆ ಅಂಟಿಕೊಂಡ, ವೀರ್ಯಾಣು ಪಕ್ವವಾಗುವ ನಾಳ) ದಾಟಲು ಇನ್ನೂ ಕೆಲವು ದಿನ ಬೇಕು, ಅಲ್ಲಿಯವರೆಗೆ ತಾಳಿ ಎಂದು ಬೇಡಿಕೊಂಡೆ. ಎರಡೂವರೆ ತಿಂಗಳ ಬಳಿಕ ಅದೇ ವಿಧಾನದಿಂದ ತೆಗೆದು ಅದೇ ಬಣ್ಣ ಹಾಕಿದಾಗ ನೂರರಲ್ಲಿ 82 ಸರಿಯಾಗಿದ್ದವು. ಒಡೆಯರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ತಾವೂ ಎಣಿಸಿ ನೋಡಿದರು.