ಕೆಳಮೂಲೆಯ ಪರ್ಸೆಂಟು: ಇ-ರೀಡರ್ ಜೊತೆ ಆರು ವರ್ಷ

ಆರು ವರ್ಷದಿಂದ ಒಂದೇ ಇ-ರೀಡರ್ ಬಳಸುತ್ತಿದ್ದೇನೆ. ಪರದೆ ಎಷ್ಟು ಇಂಚು, ಎಷ್ಟು ಜಿಬಿ, ನೀರಿಗೆ ಬಿದ್ದರೆ ಏನಾಗುತ್ತದೆ ಎಂಬುದನ್ನೆಲ್ಲ ನೀವು ಈಗಾಗಲೇ ಹತ್ತು ಕಡೆ ಓದಿರುತ್ತೀರಿ, ಅದರ ತಂಟೆಗೆ ನಾನು ಹೋಗುವುದಿಲ್ಲ. ನಾನು ಇದರಲ್ಲಿ ಓದುವುದು ಕಾದಂಬರಿ ಮಾತ್ರ. ಇಲ್ಲಿಯವರೆಗೆ ತೆರೆದದ್ದು 78, ಮುಗಿಸಿದ್ದು 47, ನಡುವೆ ಕೈಬಿಟ್ಟದ್ದು 31. ಈ ಲೆಕ್ಕ ನಾನು ಇಟ್ಟದ್ದಲ್ಲ, ಯಂತ್ರ ಇಟ್ಟದ್ದು. ನನ್ನ ತಕರಾರು ಹುಟ್ಟುವುದೇ ಅಲ್ಲಿ.

ಮೊದಲು ಸುಖದ ಮಾತು ಹೇಳಿಬಿಡುತ್ತೇನೆ. ರಾತ್ರಿ ಕೋಣೆಯ ದೀಪ ಆರಿಸಿ, ಮಗ್ಗುಲಾಗಿ ಮಲಗಿ, ಬೆಳಕನ್ನು ತೀರಾ ಕೆಳಗಿಳಿಸಿ ಕವರ್ ತೆರೆದರೆ ನಿನ್ನೆ ಕಣ್ಣು ಮುಚ್ಚಿಹೋದ ಪುಟವೇ ಎದುರಿಗೆ ಬರುತ್ತದೆ. ಹೆಬ್ಬೆರಳು ಸೋಕಿದರೆ ಸಾಕು, ಪುಟ ಮಗುಚುತ್ತದೆ. ಆಗೊಮ್ಮೆ ಈಗೊಮ್ಮೆ ಪರದೆ ಪೂರ್ತಿ ಕಪ್ಪಾಗಿ, ರೆಪ್ಪೆ ಬಡಿದ ಹಾಗೆ ಮಾಡಿ, ಹೊಸ ಪುಟ ತರುತ್ತದೆ. ಹಳೆಯ ಅಕ್ಷರಗಳ ನೆರಳು ಉಳಿಯಬಾರದೆಂದು ಒಳಗಿನ ಕಪ್ಪುಬಿಳಿ ಕಣಗಳನ್ನು ಒಮ್ಮೆ ಕದಡಿ ಕೂರಿಸುವ ಕೆಲಸ ಅದು. ಮೊದಲ ವಾರ ಕಿರಿಕಿರಿಯಾಗಿತ್ತು. ಈಗ ಆ ರೆಪ್ಪೆ ಬಡಿತ ಇಲ್ಲದೆ ಓದಿದರೆ ಏನೋ ಕಡಿಮೆಯಾದಂತೆ ಅನಿಸುತ್ತದೆ.

ಇನ್ನೊಂದು ಸುಖ ಹೆಸರು ಹುಡುಕುವುದು. ಟಾಲ್‌ಸ್ಟಾಯ್‌ನ ‘ಯುದ್ಧ ಮತ್ತು ಶಾಂತಿ’ಯಲ್ಲಿ ಒಬ್ಬನೇ ಮನುಷ್ಯ ಒಮ್ಮೆ ಪಿಯೇರ್, ಒಮ್ಮೆ ಬೆಜೂಖೊವ್, ಮತ್ತೊಮ್ಮೆ ಪ್ಯೋತ್ರ್ ಕಿರಿಲ್ಲೊವಿಚ್. ಡೊಲೊಖೊವ್ ಎಂಬವನು ನೂರಾರು ಪುಟ ಕಾಣೆಯಾಗಿದ್ದು ತಟ್ಟನೆ ಬಂದಾಗ ‘ಇವನ್ಯಾರಪ್ಪ?’ ಅನಿಸುತ್ತದೆ. ಹೆಸರಿನ ಮೇಲೆ ಬೆರಳೊತ್ತಿ ಹಿಡಿದರೆ ಅವನು ಹಿಂದೆ ಬಂದ ಜಾಗಗಳೆಲ್ಲ ಸಾಲಾಗಿ ನಿಲ್ಲುತ್ತವೆ. ಓಹೋ, ಪಂದ್ಯ ಕಟ್ಟಿ ಕಿಟಕಿಯ ಅಂಚಿನಲ್ಲಿ ಕಾಲು ಹೊರಗೆ ಇಳಿಬಿಟ್ಟು ರಮ್ ಬಾಟಲಿ ಖಾಲಿ ಮಾಡಿದವನು! ಕಾಗದದ ಪ್ರತಿಯಲ್ಲಿ ಈ ಕಾದಂಬರಿಯನ್ನು ಎರಡು ಸಲ ಬಿಟ್ಟಿದ್ದೆ. ಎರಡು ಸಲವೂ ಸೋಲಿಸಿದ್ದು ನೆಪೋಲಿಯನ್ ಅಲ್ಲ, ಈ ಹೆಸರುಗಳು. ಇದರಲ್ಲಿ ಮುಗಿಸಿದೆ.

ಆದರೆ ಮುಗಿಸಿದ ರೀತಿ ನೆನೆದರೆ ನಾಚಿಕೆಯಾಗುತ್ತದೆ. ಪರದೆಯ ಕೆಳಮೂಲೆಯಲ್ಲಿ ಎಷ್ಟು ಶೇಕಡಾ ಓದಾಯಿತು ಎಂದು ತೋರಿಸುವ ಪುಟ್ಟ ಅಂಕಿಯೊಂದಿದೆ. ಈ ಕಾದಂಬರಿಯ ಇಂಗ್ಲಿಷ್ ಅನುವಾದದಲ್ಲಿ 5.5 ಲಕ್ಷಕ್ಕೂ ಹೆಚ್ಚು ಪದಗಳಿವೆ. ಅಂದರೆ ಒಂದು ಪರ್ಸೆಂಟ್ ಸರಿಯಲು 5,500 ಪದ, ನನ್ನ ವೇಗಕ್ಕೆ ಅರ್ಧ ಗಂಟೆ. ಆಂದ್ರೇ ರಾಜಕುಮಾರ ರಣರಂಗದಲ್ಲಿ ಬಿದ್ದು ಆಕಾಶ ನೋಡುತ್ತಿದ್ದರೆ ನಾನು ಮೂಲೆಯ ಅಂಕಿ ನೋಡುತ್ತಿದ್ದೆ. ಕೊನೆಯಲ್ಲಿ ಉಪಸಂಹಾರದ ಎರಡನೇ ಭಾಗ ಬರುತ್ತದೆ. ಅಲ್ಲಿ ಪಾತ್ರಗಳೇ ಇಲ್ಲ, ಚರಿತ್ರೆಯನ್ನು ನಡೆಸುವುದು ಯಾವ ಶಕ್ತಿ ಎಂಬ 12 ಅಧ್ಯಾಯಗಳ ವಾದ. ನನ್ನ ಮಟ್ಟಿಗೆ ಕಾದಂಬರಿ ಅದಕ್ಕೂ ಮೊದಲೇ ಮುಗಿದಿತ್ತು. ಆದರೂ ಅಷ್ಟನ್ನೂ ಓದಿದೆ. ಓದಿದೆ ಅನ್ನುವುದಕ್ಕಿಂತ ಪುಟ ತಳ್ಳಿದೆ, 100 ಆಗಲಿ ಎಂದು. ಆಯಿತು. ಏನೂ ಅನಿಸಲಿಲ್ಲ.

ಬಿಟ್ಟ ಪುಸ್ತಕಗಳ ವಿಷಯದಲ್ಲೂ ಅದೇ ಅಂಕಿಯ ಆಟ. 11ಕ್ಕೆ ಬಿಟ್ಟೆ, 34ಕ್ಕೆ ಬಿಟ್ಟೆ. ಒಂದನ್ನಂತೂ 71ಕ್ಕೆ ಬಿಟ್ಟು, ಅಷ್ಟು ದೂರ ಹೋದೆನಲ್ಲಾ ಎಂದು ವಾರವಿಡೀ ಕೊರಗಿದೆ. ಕಥೆ ಯಾಕೆ ಹಿಡಿಸಲಿಲ್ಲ ಎನ್ನುವುದು ಮರೆತಿದೆ, 71 ಮಾತ್ರ ನೆನಪಿದೆ.

ಈ ಲೆಕ್ಕದ ಹುಚ್ಚು ನನ್ನೊಬ್ಬನದೇ ಅಲ್ಲ. 2014ರಲ್ಲಿ ಗಣಿತಜ್ಞ ಜೋರ್ಡನ್ ಎಲೆನ್‌ಬರ್ಗ್ ತಮಾಷೆಗೆ ಒಂದು ಸೂಚ್ಯಂಕ ಮಾಡಿದರು. ಇ-ಪುಸ್ತಕದಲ್ಲಿ ಓದುಗರು ಅತಿ ಹೆಚ್ಚು ಹೈಲೈಟ್ ಮಾಡಿದ ಐದು ಜಾಗಗಳ ಪುಟಸಂಖ್ಯೆಯ ಸರಾಸರಿ ತೆಗೆದು, ಅದು ಒಟ್ಟು ಪುಟಗಳ ಶೇಕಡಾ ಎಷ್ಟು ಎಂದು ನೋಡುವುದು. ಗೆರೆಗಳೆಲ್ಲ ಮೊದಲ ಪುಟಗಳಲ್ಲೇ ಇದ್ದರೆ ಜನ ಮುಂದಕ್ಕೆ ಹೋಗಿಲ್ಲ ಎಂದು ಊಹೆ. ಡೊನಾ ಟಾರ್ಟ್ ಅವರ ದಪ್ಪ ಕಾದಂಬರಿ ‘ದಿ ಗೋಲ್ಡ್‌ಫಿಂಚ್’ಗೆ 98.5 ಬಂತು, ತೆಳ್ಳನೆಯ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ಗೆ 28.3. ಅವರೇ ಇದನ್ನು ಶಾಸ್ತ್ರ ಎಂದು ಹೇಳಿಕೊಳ್ಳಲಿಲ್ಲ. ನಾನು ಮಾತ್ರ ಅದನ್ನು ಓದಿದ ದಿನ ನನ್ನ 31 ಪುಸ್ತಕಗಳನ್ನು ಪರ್ಸೆಂಟ್ ಪ್ರಕಾರ ಜೋಡಿಸಿ ಕೂತಿದ್ದೆ. ಕಾದಂಬರಿ ಓದುವವನು ಮಾಡುವ ಕೆಲಸವೇ ಅದು?

ದುಡ್ಡಿನ ಮಾತನ್ನೂ ಆಡಬೇಕು. ಹಕ್ಕುಸ್ವಾಮ್ಯ ಮುಗಿದ ಹಳೆಯ ಕಾದಂಬರಿಗಳು ಪುಕ್ಕಟೆ ಸಿಗುತ್ತವೆ, ನಾನು ಇಳಿಸಿಕೊಳ್ಳುವುದು ಹೆಚ್ಚಾಗಿ ಅವನ್ನೇ. ಪುಕ್ಕಟೆ ಬಂದದ್ದನ್ನು ಬಿಡಲು ಮನಸ್ಸು ಒಂದಿಷ್ಟೂ ಅಳುಕುವುದಿಲ್ಲ. ದುಡ್ಡು ಕೊಟ್ಟು ತಂದ ಕಾಗದದ ಪುಸ್ತಕವನ್ನು ಹಲ್ಲು ಕಚ್ಚಿಕೊಂಡಾದರೂ ಮುಗಿಸುತ್ತಿದ್ದೆ. ಮುಗಿಸದಿದ್ದರೆ ಅದು ಕಪಾಟಿನಿಂದ ದುರುಗುಟ್ಟಿ ನೋಡುತ್ತಿತ್ತು. ಇಲ್ಲಿ ಬಿಟ್ಟ ಪುಸ್ತಕ ಪಟ್ಟಿಯಲ್ಲಿ ಕೆಳಕೆಳಗೆ ಜಾರಿ ಕಣ್ಮರೆಯಾಗುತ್ತದೆ. ಇದು ಯಂತ್ರದ ಗುಣವೋ ದೋಷವೋ, ನನಗಿನ್ನೂ ತೀರ್ಮಾನವಾಗಿಲ್ಲ.

ಮೂರು ವರ್ಷ ಕಳೆದ ಮೇಲೆ ಗೊತ್ತಾಯಿತು, ಆ ಅಂಕಿಯನ್ನು ಆರಿಸಿಡಬಹುದಂತೆ! ಸೆಟ್ಟಿಂಗ್ಸ್‌ನ ಒಳಗಿನ ಒಳಗೆ ಅಡಗಿಕೊಂಡಿತ್ತು. ಮೂರು ವರ್ಷ ಬೈದದ್ದನ್ನು ಅರ್ಧ ವಾಪಸ್ ತೆಗೆದುಕೊಳ್ಳುತ್ತೇನೆ. ಇನ್ನರ್ಧ, ಅದನ್ನು ಅಲ್ಲಿ ಹೂತಿಟ್ಟವರಿಗೆ.

ಅಂಕಿ ಇಲ್ಲದೆ ಓದಿದ ಮೊದಲ ಪುಸ್ತಕ ಜಾರ್ಜ್ ಎಲಿಯಟ್‌ಳ ‘ಮಿಡಲ್‌ಮಾರ್ಚ್’. 1871–72ರಲ್ಲಿ ಎಂಟು ಕಂತುಗಳಲ್ಲಿ ಬಂದದ್ದು. ಮೊದಲ ನಾಲ್ಕೈದು ರಾತ್ರಿ ಕತ್ತಲಲ್ಲಿ ಮೆಟ್ಟಿಲು ಇಳಿದ ಹಾಗಿತ್ತು, ಕಾಲಿಗೆ ನೆಲ ಯಾವಾಗ ಸಿಗುತ್ತದೋ ತಿಳಿಯದು. ಆಮೇಲೆ ಆ ಊರಿನಲ್ಲೇ ಉಳಿದುಬಿಟ್ಟೆ. ಸಮಸ್ತ ಪುರಾಣಗಳಿಗೂ ಕೀಲಿಕೈಯಾಗುವ ಒಂದು ಗ್ರಂಥ ಬರೆಯುತ್ತೇನೆಂದು ಜೀವಮಾನವಿಡೀ ಟಿಪ್ಪಣಿ ಮಾಡಿಕೊಂಡ ಕಸಾಬನ್, ಅದನ್ನು ಮುಗಿಸದೆಯೇ ಸಾಯುತ್ತಾನೆ. ಅಂಕಿ ಇದ್ದಿದ್ದರೆ ಅವನನ್ನು ನೋಡಿ ನಗುತ್ತಿದ್ದೆನೇನೋ. ಈ ಸಲ ಪಾಪ ಅನಿಸಿತು. ಒಂದು ರಾತ್ರಿ ಪುಟ ಮಗುಚಿದೆ, ಮುಂದೆ ಪುಟವೇ ಇರಲಿಲ್ಲ. ಕತ್ತಲಲ್ಲಿ ಎದ್ದು ಕೂತೆ.

ಕಾಗದದಲ್ಲಿ ಹೀಗಾಗುವುದಿಲ್ಲ ನೋಡಿ, ಬಲಗೈಯಲ್ಲಿ ಉಳಿದ ಹಾಳೆಗಳ ದಪ್ಪವೇ ಚಾಡಿ ಹೇಳಿಬಿಡುತ್ತದೆ. ಜೇನ್ ಆಸ್ಟಿನ್ ‘ನಾರ್ಥ್ಯಾಂಗರ್ ಅಬ್ಬೆ’ಯ ಕೊನೆಯ ಅಧ್ಯಾಯದಲ್ಲಿ ಈ ಬಗ್ಗೆಯೇ ಓದುಗರನ್ನು ಚುಡಾಯಿಸುತ್ತಾಳೆ. ಕನ್ನಡ ಕಾದಂಬರಿಗಳನ್ನು ನಾನು ಈಗಲೂ ಕಾಗದದಲ್ಲೇ ಓದುವುದು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಮಾತ್ರ ಆ ದಪ್ಪಕ್ಕೂ ಜಗ್ಗಲಿಲ್ಲ. ಇಲ್ಲಿ ಯಾವುದಕ್ಕೂ ಕೊನೆಯೆಂಬುದಿಲ್ಲ ಎಂದು 1967ರಲ್ಲೇ ಬಾಗಿಲಲ್ಲಿ ನಿಲ್ಲಿಸಿ ಹೇಳಿ ಒಳಗೆ ಬಿಟ್ಟಿದ್ದಾರೆ. ಅದಕ್ಕೆ ಎಷ್ಟು ಪರ್ಸೆಂಟ್ ಅಂತ ಹಾಕುತ್ತೀರಿ?

ಕಳೆದ ತಿಂಗಳು ಪಟ್ಟಿಯ ತಳದಲ್ಲಿ ಮೆಲ್‌ವಿಲ್‌ನ ‘ಮೋಬಿ ಡಿಕ್’ ಕಣ್ಣಿಗೆ ಬಿತ್ತು, ಒಂದು ಬಿಳಿ ತಿಮಿಂಗಿಲದ ಬೆನ್ನು ಹತ್ತಿದ ಹಡಗಿನ ಕಥೆ. ನಾಲ್ಕು ವರ್ಷದ ಹಿಂದೆ 32ನೇ ಅಧ್ಯಾಯದಲ್ಲಿ ಬಿಟ್ಟಿದ್ದೆ. ಕಥೆಯನ್ನು ಹಾಗೇ ನಿಲ್ಲಿಸಿ ತಿಮಿಂಗಿಲಗಳನ್ನು ಪುಸ್ತಕದ ಅಳತೆಯಂತೆ ಫೋಲಿಯೋ, ಆಕ್ಟೇವೋ, ಡ್ಯುಯೋಡೆಸಿಮೋ ಎಂದು ವಿಂಗಡಿಸುವ ಅಧ್ಯಾಯ. ತಾಳ್ಮೆ ಹಾರಿಹೋಗಿತ್ತು. ಈಗ ತೆರೆದರೆ ಯಂತ್ರ ನಿಯತ್ತಾಗಿ ಅದೇ ಪುಟ ತೋರಿಸಿತು. ಮೂರು ಸಲ ಹೆಬ್ಬೆರಳು ಸೋಕಿಸಿದ್ದೇ ಅಧ್ಯಾಯ ಮುಗಿಯಿತು. ಅದರ ಕೊನೆಗೆ ನಿರೂಪಕ ತನ್ನ ಈ ವಿಂಗಡಣೆಯನ್ನು ಜರ್ಮನಿಯ ಕೊಲೋನ್‌ನ ಚರ್ಚಿನ ಹಾಗೆ ಅರ್ಧಕ್ಕೇ ಬಿಡುತ್ತೇನೆ ಎನ್ನುತ್ತಾನೆ, ಯಾವುದನ್ನೂ ಪೂರ್ಣಗೊಳಿಸದಂತೆ ದೇವರು ತನ್ನನ್ನು ಕಾಪಾಡಲಿ ಎಂದೂ ಬೇಡಿಕೊಳ್ಳುತ್ತಾನೆ! 1248ರಲ್ಲಿ ಶುರುವಾದ ಆ ಚರ್ಚಿನ ಕಟ್ಟಡ, ಈ ಕಾದಂಬರಿ ಬಂದ 1851ರಲ್ಲೂ ಮುಗಿದಿರಲಿಲ್ಲ. ಮುಗಿದದ್ದು 1880ರಲ್ಲಿ. ಮೂರು ಪುಟ ಮೊದಲು ಬಿಟ್ಟು ಎಂಥ ಮಾತು ಕಳೆದುಕೊಂಡಿದ್ದೆ. ಮಲಗಿದಲ್ಲೇ ನಕ್ಕುಬಿಟ್ಟೆ.

ಇಷ್ಟು ಹೇಳಿದ ಮೇಲೆ ಐದಕ್ಕೆ ನಾಲ್ಕು ನಕ್ಷತ್ರ. ಬ್ಯಾಟರಿ ಮೊದಲಿನಷ್ಟು ಬರುತ್ತಿಲ್ಲ, ಕವರಿನ ಅಂಚು ಸವೆದಿದೆ, ಎರಡಕ್ಕೂ ನನ್ನ ದೂರಿಲ್ಲ. ಸದ್ಯ ಹಡಗು ಯಾವ ಸಮುದ್ರದಲ್ಲಿದೆಯೋ, ಎಷ್ಟು ಓದಾಗಿದೆಯೋ ಗೊತ್ತಿಲ್ಲ. ಒಂದೇ ಎಡವಟ್ಟು: 135 ಅಧ್ಯಾಯಗಳ ಈ ಕಾದಂಬರಿಯಲ್ಲಿ ಆ ಬಿಳಿ ತಿಮಿಂಗಿಲ ಕಾಣಿಸಿಕೊಳ್ಳುವುದು 133ರಲ್ಲಿ ಎಂದು ಎಲ್ಲೋ ಓದಿಬಿಟ್ಟಿದ್ದೇನೆ. ಹಾಗಾಗಿ ಪ್ರತಿ ಅಧ್ಯಾಯದ ತಲೆಬರಹ ಬಂದಾಗಲೂ ಅದರ ಸಂಖ್ಯೆಯನ್ನು ಹೆಬ್ಬೆರಳಿನಿಂದ ಮುಚ್ಚಿಕೊಳ್ಳಬೇಕಾಗಿದೆ, ಮುಚ್ಚಲು ಹೋದರೆ ಪುಟ ಮಗುಚಿಕೊಳ್ಳುತ್ತದೆ.