ಮೂತ್ರಪಿಂಡ ಕಸಿಯ ನಂತರ: ಮಾತ್ರೆಯೋ, ನಿಯಂತ್ರಕ ಕೋಶವೋ?

ಕಸಿ ಮಾಡಿದ ಮೂತ್ರಪಿಂಡವನ್ನು ದೇಹ ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್ ಮಾತ್ರೆಗಳು ದಶಕಗಳ ಬಳಕೆಯಲ್ಲಿ ಪಳಗಿದವು. ಆದರೆ ಅವು ಇಡೀ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುತ್ತವೆ: ಸೋಂಕು, ಚರ್ಮದ ಕ್ಯಾನ್ಸರ್ ಅಪಾಯ ಹೆಚ್ಚು. ಟ್ಯಾಕ್ರೋಲಿಮಸ್ ಅಂತೂ, ವಿಚಿತ್ರವೆಂದರೆ, ಕಾಪಾಡಬೇಕಾದ ಮೂತ್ರಪಿಂಡಕ್ಕೇ ಹಾನಿ ಮಾಡಬಲ್ಲದು.

ಇನ್ನೊಂದು ದಾರಿ ಟಿ-ರೆಗ್, ಅಂದರೆ ರೋಗನಿರೋಧಕ ದಾಳಿಗೆ ಕಡಿವಾಣ ಹಾಕುವ ಬಿಳಿ ರಕ್ತಕೋಶಗಳು. ಈ ಚಿಕಿತ್ಸೆಯಲ್ಲಿ ರೋಗಿಯ ರಕ್ತದಿಂದ ಈ ನಿಯಂತ್ರಕ ಕೋಶಗಳನ್ನು ಬೇರ್ಪಡಿಸಿ, ಪ್ರಯೋಗಾಲಯದಲ್ಲಿ ಬೆಳೆಸಿ, ಮರಳಿ ದೇಹಕ್ಕೆ ಸೇರಿಸುತ್ತಾರೆ. 2020ರಲ್ಲಿ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ ಪ್ರಕಟಿಸಿದ ‘ದಿ ಒನ್ ಸ್ಟಡಿ’ಯಲ್ಲಿ 38 ರೋಗಿಗಳಿಗೆ ಟಿ-ರೆಗ್ ಸೇರಿದಂತೆ ವಿವಿಧ ನಿಯಂತ್ರಕ ಕೋಶಗಳನ್ನು ನೀಡಲಾಗಿತ್ತು. ಕಸಿ ತಿರಸ್ಕಾರದ ಪ್ರಮಾಣ ಕೋಶ ಪಡೆಯದೆ ಮಾತ್ರೆಯನ್ನಷ್ಟೇ ನಂಬಿದವರ ಆಸುಪಾಸಿನಲ್ಲೇ ಇತ್ತು, ಸೋಂಕು ಕಡಿಮೆ. ಕೋಶ ಪಡೆದವರಲ್ಲಿ ಸುಮಾರು 40 ಶೇಕಡಾ ಮಂದಿಗೆ ಟ್ಯಾಕ್ರೋಲಿಮಸ್ ಒಂದೇ ಸಾಕಾಯಿತು. ಗಮನಿಸಿ, ಆ ಒಂದು ಮಾತ್ರೆ ಉಳಿದೇ ಇತ್ತು.

ಇಂದು ಆರಿಸಬೇಕೆಂದರೆ ಮಾತ್ರೆಯೇ ಸರಿ. ನೋಂದಾಯಿತ ಪ್ರಯೋಗದಲ್ಲಿ ಸ್ಥಾನ ಸಿಕ್ಕರೆ ವೈದ್ಯರೊಂದಿಗೆ ಯೋಚಿಸಿ. ಹಣ ಪಡೆದು ಕೋಶ ಮಾರುವವರಿಂದ ದೂರವಿರಿ.