ಕಾಂಕ್ರೀಟ್ ಕ್ಯೂರಿಂಗ್‌ಗೆ ಭಾನುವಾರ ರಜೆ ಇಲ್ಲ: ಮನೆ ಕಟ್ಟುವ ಕೆಲಸಕ್ಕೆ ಯಾವ ಶೆಡ್ಯೂಲ್ ಚಾರ್ಟ್?

ಮೊದಲೇ ಹೇಳಿಬಿಡುತ್ತೇನೆ, ನನ್ನ ಆಯ್ಕೆ ಗೂಗಲ್ ಶೀಟ್ಸ್. ಜೊತೆಗೆ ಅದರದೇ ಒಂದು ಎ3 ಪ್ರಿಂಟ್, ಸಿಮೆಂಟ್ ಶೆಡ್ಡಿನ ಗೋಡೆಗೆ.

ಮೈಸೂರಿನಲ್ಲಿ ಸಣ್ಣ ಮಟ್ಟದಲ್ಲಿ ಮನೆ ಕಟ್ಟಿಕೊಡುವ ಕೆಲಸ ನನ್ನದು. ಸದ್ಯಕ್ಕೆ ಬೋಗಾದಿಯಲ್ಲಿ ಒಂದು, ಶ್ರೀರಾಂಪುರದಲ್ಲಿ ಒಂದು. ಹೋದ ವರ್ಷ ಹತ್ತಿರ ಹತ್ತಿರ 9 ಸಾವಿರ ಕೊಟ್ಟು ಒಂದು ಶೆಡ್ಯೂಲಿಂಗ್ ಆ್ಯಪ್ ತಗೊಂಡೆ. ನೋಡಲು ಚೆನ್ನಾಗಿತ್ತು. ಪಾಯ, ಗೋಡೆ, ಲಿಂಟಲ್, ಮೋಲ್ಡ್ (ತಾರಸಿಯ ಕಾಂಕ್ರೀಟ್), ಗಿಲಾವು, ಒಂದೊಂದಕ್ಕೂ ಒಂದು ಬಣ್ಣದ ಪಟ್ಟಿ. ಒಂದು ಪಟ್ಟಿ ಎಳೆದರೆ ಅದರ ಮುಂದಿನ ಕೆಲಸಗಳೆಲ್ಲ ತಾವೇ ಸರಿಯುತ್ತಿದ್ದವು.

ಎಡವಟ್ಟಾಗಿದ್ದು ಮೋಲ್ಡ್ ಹಾಕಿದ ಮೇಲೆ. ಬೋಗಾದಿ ಮನೆಯ ಹಾಲ್ ದೊಡ್ಡದು, ಗೋಡೆಯಿಂದ ಗೋಡೆಗಿನ ಅಂತರ (ಸ್ಪ್ಯಾನ್) 4.5 ಮೀಟರ್ ದಾಟುತ್ತದೆ. ಅಷ್ಟು ಸ್ಪ್ಯಾನ್ ಇದ್ದರೆ ಕೆಳಗಿನ ಆಸರೆ 14 ದಿನ ಇರಲೇಬೇಕು ಅಂತ ಐಎಸ್ 456, ಅಂದರೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ, ಹೇಳುತ್ತದೆ. ಮೋಲ್ಡ್ ಹಾಕಿದ್ದು ಗುರುವಾರ. ಆ್ಯಪಿನಲ್ಲಿ '14 ದಿನ' ಅಂತ ಒತ್ತಿದೆ. ಅದು ತೋರಿಸಿದ ತಾರೀಖನ್ನೇ ಆಸರೆ ಬಿಚ್ಚುವ ಸೆಂಟ್ರಿಂಗ್‌ನವರಿಗೆ, ಗಿಲಾವಿನವರಿಗೆ ಹೇಳಿಬಿಟ್ಟೆ. ಎರಡು ವಾರ ಕಳೆದ ಮೇಲೆ ಮೇಸ್ತ್ರಿ ಫೋನ್ ಮಾಡಿದರು. "ಸಾರ್, ಹದಿನಾಲ್ಕು ದಿನ ಆಯ್ತಲ್ಲ, ಯಾಕೆ ಕಾಯ್ತಾ ಇದೀವಿ?"

ಆಗ ಕೂತು ಎಣಿಸಿದೆ. ಆ್ಯಪ್ ಶನಿವಾರ, ಭಾನುವಾರ ಎರಡನ್ನೂ ರಜೆ ಅಂತ ಬಿಟ್ಟಿತ್ತು. ಹಾಗಾಗಿ 14 ದಿನದ ಲೆಕ್ಕ 20ನೇ ದಿನಕ್ಕೆ, ಅಂದರೆ ಬುಧವಾರಕ್ಕೆ ಹೋಗಿ ಮುಟ್ಟಿತ್ತು. ಸೆಂಟ್ರಿಂಗ್ ಹುಡುಗರು ಅಷ್ಟರಲ್ಲಿ ಬೇರೆ ಸೈಟು ಹಿಡಿದಿದ್ದರು. ಹೇಳಿದ ದಿನಕ್ಕೇ ಬಂದರು. ಶೀಟು, ಜಾಕಿಗಳಿಗೆ ಆರು ದಿನದ ಬಾಡಿಗೆ ಸುಮ್ನೆ ಹೋಯಿತು.

ಶನಿವಾರ ಕೆಲಸದ ದಿನ ಅಂತ ಬದಲಾಯಿಸಿ ನೋಡಿದೆ. ಆದರೂ 16ನೇ ದಿನ ಬಂತು, ಭಾನುವಾರಗಳನ್ನು ಬಿಡುತ್ತಲ್ಲ. ಸರಿ, ಭಾನುವಾರವನ್ನೂ ಕೆಲಸದ ದಿನ ಮಾಡಿದೆ. ಈಗ ಮೋಲ್ಡಿನ ಲೆಕ್ಕ ಸರಿಹೋಯಿತು, ಆದರೆ ಗಾರೆಯವರಿಗೆ ಭಾನುವಾರ ಕೆಲಸ ಬಿತ್ತು. ಕಾಂಕ್ರೀಟ್ ಗಟ್ಟಿಯಾಗುವುದು ಭಾನುವಾರ ಅಂತ ನಿಲ್ಲುತ್ತಾ? ಆಳುಗಳು ನಿಲ್ಲುತ್ತಾರೆ. ಈ ಎರಡಕ್ಕೂ ಬೇರೆ ಬೇರೆ ಕ್ಯಾಲೆಂಡರ್ ಬೇಕು. ಅದು ಇದ್ದದ್ದು ಇನ್ನೂ ದುಬಾರಿ ಪ್ಲಾನಿನಲ್ಲಿ. ದುಡ್ಡು ಕೊಡುವ ಮುಂಚೆ ಇದನ್ನು ಯಾರೂ ನನಗೆ ಹೇಳಲಿಲ್ಲ.

ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಲ್ಲಿ ಇದಕ್ಕೆ ದಾರಿ ಇದೆ. '14d' ಬದಲು '14ed' ಅಂತ ಹೊಡೆದರೆ ರಜೆ ನೋಡದೆ ಎಣಿಸುತ್ತದೆ. ಒಳ್ಳೆಯ ಸಾಫ್ಟ್‌ವೇರ್, ಆದರೆ ಎರಡು ಮನೆ ಕಟ್ಟುವವನ ಬಜೆಟ್ಟಿಗೆ ಜಾಸ್ತಿ. ಟ್ರೆಲೋ ಅನ್ನುವ ಆ್ಯಪ್ ಸಾಮಾನಿನ ಪಟ್ಟಿಗೆ ಸಾಕು, ತಾರೀಖಿನ ಲೆಕ್ಕಕ್ಕೆ ಆಗುವುದಿಲ್ಲ.

ಗ್ಯಾಂಟ್‌ಪ್ರಾಜೆಕ್ಟ್ ಅನ್ನುವ ಕಂಪ್ಯೂಟರ್ ಸಾಫ್ಟ್‌ವೇರ್ ನನಗೆ ನಿಜವಾಗಲೂ ಇಷ್ಟವಾಯಿತು. ಉಚಿತ, ಶನಿವಾರವನ್ನು ಕೆಲಸದ ದಿನ ಮಾಡಬಹುದು, ಯಾವ ಕೆಲಸ ತಡವಾದರೆ ಇಡೀ ಮನೆ ತಡವಾಗುತ್ತದೆ ಅಂತ ಗೆರೆ ಎಳೆದು ತೋರಿಸುತ್ತದೆ. ಆದರೆ ಲ್ಯಾಪ್‌ಟಾಪ್ ಬೇಕು. ನಾನು ದಿನವಿಡೀ ಸೈಟಿನಲ್ಲಿ ನಿಂತಿರುತ್ತೇನೆ, ಕೈಯಲ್ಲಿರುವುದು ಫೋನ್ ಒಂದೇ. ಸಂಜೆ ಮನೆಗೆ ಹೋಗಿ ಹಾಕೋಣ ಅಂದುಕೊಂಡಿದ್ದು ಎರಡು ವಾರ ನಡೆಯಿತು, ಆಮೇಲೆ ನಿಂತಿತು.

ಗೂಗಲ್ ಶೀಟ್ಸ್‌ನಲ್ಲಿ ಒಂದು ಭಾನುವಾರ ಬೆಳಿಗ್ಗೆ ಕೂತು ಎಲ್ಲ ಹೊಂದಿಸಿದೆ. ಆಳಿನ ಕೆಲಸಕ್ಕೆ 'ವರ್ಕ್‌ಡೇ ಡಾಟ್ ಇಂಟ್ಲ್' (WORKDAY.INTL) ಅನ್ನುವ ಫಾರ್ಮುಲಾ. ಅದರಲ್ಲಿ 11 ಅಂತ ಕೊಟ್ಟರೆ ಭಾನುವಾರ ಮಾತ್ರ ರಜೆ. ಶುರುವಿನ ದಿನವನ್ನು ಅದು ಎಣಿಸುವುದಿಲ್ಲ, ಹಾಗಾಗಿ 6 ದಿನದ ಕೆಲಸಕ್ಕೆ 5 ಅಂತ ಕೊಡಬೇಕು. ಮೋಲ್ಡಿಗೆ ಬರೀ ಕೂಡಿಸುವ ಲೆಕ್ಕ, ಹಾಕಿದ ತಾರೀಖಿಗೆ 14. ಆ ದಿನ ಭಾನುವಾರ ಬಿದ್ದರೆ? 13 ಕೂಡಿಸಿ, ಅಲ್ಲಿಂದ ಮುಂದಿನ ಒಂದು ಕೆಲಸದ ದಿನವನ್ನು ಅದೇ ಫಾರ್ಮುಲಾದಲ್ಲಿ ಕೇಳಿದರೆ ಸೋಮವಾರ ತೋರಿಸುತ್ತದೆ.

ರಜೆಗಳಿಗೆ ಒಂದು ಕಾಲಂ ಬೇರೆ. ಯುಗಾದಿ, ಅದರ ಮಾರನೇ ದಿನದ ಹೊಸತೊಡಕು, ಪಕ್ಷ, ಆಯುಧಪೂಜೆ, ವಿಜಯದಶಮಿ. ನಮ್ಮ ಆಳುಗಳು ಪಾಂಡವಪುರದ ಕಡೆಯವರು. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟರೆ ನಾಟಿಗೆ ಊರಿಗೆ ಹೋಗುತ್ತಾರೆ, ಹೋಗಲೇಬೇಕು ಅಲ್ವಾ? ಆ ದಿನಗಳನ್ನೂ ಅದೇ ಕಾಲಂಗೆ ಹಾಕುತ್ತೇನೆ. ಕೆಳಗಿನ ತಾರೀಖುಗಳೆಲ್ಲ ತಾವೇ ಮುಂದೆ ಹೋಗುತ್ತವೆ.

ಬಣ್ಣದ ಪಟ್ಟಿ ಆ್ಯಪಿನಷ್ಟು ಚೆಂದ ಬರುವುದಿಲ್ಲ. ಫೋನಿನಲ್ಲಿ ಚಿಕ್ಕದಾಗಿ ಕಾಣುತ್ತದೆ. ಅದಕ್ಕೇ ಪ್ರಿಂಟ್. 1910ರ ದಶಕದಲ್ಲಿ ಹೆನ್ರಿ ಗ್ಯಾಂಟ್ ಈ ಪಟ್ಟಿ ಚಾರ್ಟನ್ನು ಅಮೆರಿಕದ ಕಾರ್ಖಾನೆಗಳಲ್ಲಿ ರೂಢಿಗೆ ತಂದಾಗಲೂ ಅದು ಕಾಗದದ ಮೇಲೇ ಇತ್ತು. ಮೇಸ್ತ್ರಿ ಮುಗಿದ ಕೆಲಸಕ್ಕೆ ಪೆನ್ಸಿಲ್ ಗೆರೆ ಎಳೆಯುತ್ತಾರೆ, ನಾನು ಫೋಟೋ ತೆಗೆದು ಶೀಟ್ ತಿದ್ದುತ್ತೇನೆ. ಎಲೆಕ್ಟ್ರಿಷಿಯನ್, ಪ್ಲಂಬರ್ ಬಂದವರೇ ಮೊದಲು ಅದನ್ನೇ ನೋಡುತ್ತಾರೆ.

ಒಟ್ಟಿಗೆ ಐದಾರು ಸೈಟ್ ಇರುವವರು, ಆಫೀಸಿನಲ್ಲಿ ಕೂತು ಕೆಲಸ ಮಾಡುವವರು ಗ್ಯಾಂಟ್‌ಪ್ರಾಜೆಕ್ಟ್ ಹಾಕಿಕೊಳ್ಳಿ. ನನ್ನ ಆ್ಯಪಿನ ವರ್ಷ ಬರುವ ತಿಂಗಳಿಗೆ ಮುಗಿಯುತ್ತದೆ. ನಾನಂತೂ ರಿನ್ಯೂ ಮಾಡುವುದಿಲ್ಲ.